ಆಟದೊಳಗಿನ ಅಜ್ಜಿ

ಜನವರಿ ೮, ಸೋಮವಾರ

ಆಫೀಸಿನಲ್ಲಿ ಬರೆಯಲೇಬೇಕಾದ ಡೈರಿ ಒಂದಿದೆ. ಅದನ್ನು ಕಂಪನಿ ನಡೆಸುವ ಮೇಡಂ ಓದುತ್ತಾರೆ, ಹಾಗಾಗಿ ಅದರಲ್ಲಿ ನಾನು ಸದಾ ಉತ್ಸಾಹದ ಬುಗ್ಗೆ. ಇದು ನನ್ನೊಬ್ಬನದು. ಇಲ್ಲಿ ಗೊಣಗಬಹುದು.

ಮೊದಲ ಗೊಣಗಾಟ: ಬೇರೆ ಕಂಪನಿಯವರು ಶಾಲೆ ಮಕ್ಕಳಿಗೆಂದು ಮಾಡಿದ ರಸ್ತೆ ದಾಟುವ ಆಟವನ್ನು ಇವತ್ತು ಎಲ್ಲರೂ ಕೂತು ನೋಡಿದೆವು. ಮಗು ಎಡಬಲ ನೋಡದೆ ನುಗ್ಗಿದರೂ ಕಾರುಗಳು ಗಕ್ಕನೆ ನಿಂತುಬಿಡುತ್ತವೆ. ಒಬ್ಬ ಡ್ರೈವರಂತೂ ನಕ್ಕು ಕೈ ಬೀಸುತ್ತಾನೆ! ಮಕ್ಕಳಿಗೆ ಬೇಜಾರಾಗಬಾರದಂತೆ. ನನಗೆ ಮೈಯೆಲ್ಲ ಉರಿಯಿತು. "ಇದನ್ನ ಆಡಿದ ಮಗು ನಾಳೆ ನಿಜವಾದ ರಸ್ತೆಗಿಳಿದ್ರೆ ಕಾರು ಯಾರು ನಿಲ್ಲಿಸ್ತಾರೆ?" ಎಂದು ಕೂಗಾಡಿದೆ. ನಮ್ಮಲ್ಲಿ ಆಟಗಳಿಗೆ ಸದ್ದು ಕೂಡಿಸುವವನನ್ನು ಡಬ್ಬ ಎಂದು ಕರೆಯುತ್ತೇವೆ, ಸದಾ ಏನನ್ನಾದರೂ ಬಡಿಯುತ್ತಿರುತ್ತಾನೆ. ಅವನು ಮೇಜು ಬಡಿಯುತ್ತಲೇ, "ನಿಮ್ಮ ಕೈಗೆ ಕೊಟ್ರೆ ಮಗು ಸತ್ತೇ ಹೋಗುತ್ತೆ. ಅಮ್ಮಂದಿರು ನಮ್ಮನ್ನ ಸುಮ್ನೆ ಬಿಡ್ತಾರಾ?" ಎಂದ. ಎಲ್ಲರೂ ನಕ್ಕರು. ನಗಲಿ. ಕಲಿಸುವ ಆಟ ಬೇಕಾದರೆ ಬೇಸರ ತರಿಸಲಿ, ಸುಳ್ಳು ಹೇಳಕೂಡದು. ಇಷ್ಟು ವರ್ಷ ಈ ಒಂದು ಮಾತಿಗೆ ಅಂಟಿಕೊಂಡೇ ಕೆಲಸ ಮಾಡಿದ್ದೇನೆ.

ಒಳ್ಳೆಯ ಸುದ್ದಿ: ಶೀತಲಗೃಹದವರಿಗೆ ಆಟ ಮಾಡಿಕೊಡುವ ಕೆಲಸ ನಮಗೇ ಸಿಕ್ಕಿತು. ಅಕ್ಕ ಕೆಲಸ ಮಾಡುವ ಜಾಗ ಅದು. "ನನ್ನ ತಮ್ಮ ಇಂಥದ್ದೇ ಮಾಡ್ತಾನೆ" ಎಂದು ಅಲ್ಲಿನ ಮ್ಯಾನೇಜರ್ ಕಿವಿಗೆ ಹಾಕಿದವಳು ಅವಳೇ. ಅಪ್ಪ ಬದುಕಿರುವವರೆಗೂ, ಮಗ ಏನು ಮಾಡುತ್ತಾನೆಂದು ಯಾರಾದರೂ ಕೇಳಿದರೆ "ಆಟ ಆಡ್ಕೊಂಡಿದಾನೆ" ಎನ್ನುತ್ತಿದ್ದರು. ನರ್ಸ್‌ಗಳಿಗೆ ಕೈ ತೊಳೆಯುವುದನ್ನು ಕಲಿಸುವ ಆಟ, ಲಿಫ್ಟ್‌ನಲ್ಲಿ ಸಿಕ್ಕಿಕೊಂಡವರನ್ನು ಬಿಡಿಸುವ ಆಟ, ಯಾವುದನ್ನು ತೋರಿಸಿದರೂ ಅದೇ ಮಾತು. ಅಕ್ಕ ಮಾತ್ರ ಹಾಗೆ ಎಂದೂ ಅನ್ನಲಿಲ್ಲ.

ಜನವರಿ ೧೯, ಶುಕ್ರವಾರ

ಶೀತಲಗೃಹ ನೋಡಿಬಂದೆ. ಈಗಲೂ ಬೆರಳ ತುದಿ ಜುಮ್ಮೆನ್ನುತ್ತಿದೆ. ಬಟಾಣಿ ಬಂದು, ತೊಳೆದು, ಹೆಪ್ಪುಗಟ್ಟಿ, ಚೀಲ ಸೇರಿ, ಕತ್ತಲೆಯ ಕೋಣೆಗಳಲ್ಲಿ ಮಲಗುತ್ತದೆ. ಅಷ್ಟು ತಣ್ಣಗೆ ಇಡುವುದು ಅಮೋನಿಯಾ. ಪೈಪಿನಲ್ಲಿರುವಷ್ಟು ಹೊತ್ತು ಸಾಧು, ಹೊರಬಿದ್ದರೆ ಕಣ್ಣು, ಗಂಟಲು, ಶ್ವಾಸ ಎಲ್ಲವನ್ನೂ ಹಿಡಿಯುತ್ತದೆ. ಅಲ್ಲಿ ಅದರ ಘಾಟು ಯಾವಾಗಲೂ ಚೂರು ಇದ್ದೇ ಇರುತ್ತದೆ. ನಾನು ಮೂಗು ಮುಚ್ಚಿಕೊಂಡರೆ ಪ್ಯಾಕಿಂಗ್ ಹಾಲ್‌ನ ಹೆಂಗಸರೆಲ್ಲ ಮುಸಿಮುಸಿ ನಕ್ಕರು.

ನಾನು ಮಾಡಬೇಕಾದದ್ದು ಇಷ್ಟು. ಗ್ಯಾಸ್ ಸೋರಿದ ಸೈರನ್ ಕೂಗುತ್ತದೆ. ಹಾಲ್‌ನ ಮುಖ್ಯಸ್ಥರಾದವರು ತಮ್ಮ ಪಾಳಿಯ ಆರು ಜನರನ್ನು ಅಂಗಳದ ಬಾಗಿಲಿನಿಂದ ಹೊರಗೆ ಕರೆದೊಯ್ಯಬೇಕು. ಯಾರಾದರೂ ಒಳಗೆ ಉಳಿದಿದ್ದರೆ ಬಾಗಿಲು ಮುಚ್ಚಿ, ಮಾಸ್ಕ್ ತೊಟ್ಟ ತಂಡಕ್ಕೆ ಹೇಳಬೇಕು. ತಾವು ಮತ್ತೆ ಒಳಗೆ ಕಾಲಿಡಕೂಡದು. ಗೋಡೆಯ ಮೇಲೂ ಅದನ್ನೇ ಕೆಂಪಕ್ಷರದಲ್ಲಿ ಬರೆದಿದ್ದಾರೆ.

ಅಕ್ಕ ಎಲ್ಲರನ್ನೂ ಪರಿಚಯಿಸಿದಳು. ಹಾಲ್‌ನ ಹಿಂಬದಿ, ಕಂಪ್ರೆಸರ್ ರೂಮಿಗೆ ಹತ್ತಿರ, ದಪ್ಪ ಪ್ಲಾಸ್ಟಿಕ್ ಪಟ್ಟಿಗಳ ಪರದೆಯ ಆಚೆ ಒಬ್ಬರೇ ಕೂತು ಚೀಲಗಳಿಗೆ ಲೇಬಲ್ ಅಂಟಿಸುವ ಮುದುಕರೊಬ್ಬರಿದ್ದಾರೆ. ಎಲ್ಲರಿಗೂ ಅವರು ಲೇಬಲ್ ತಾತ. ಯಂತ್ರದ ಸದ್ದಿಗೆ ಕಿವಿಗೆ ದೊಡ್ಡ ಮುಚ್ಚಳ ಹಾಕಿರುತ್ತಾರೆ, ಮುಚ್ಚಳ ತೆಗೆದರೂ ಕೇಳುವುದು ಅಷ್ಟಕ್ಕಷ್ಟೆ. "ಆಕಾಶ ಕಳಚಿ ಬಿದ್ರೂ ಇವ್ರು ಲೇಬಲ್ ಅಂಟಿಸ್ತಾ ಇರ್ತಾರೆ ಕಣೋ. ಇವ್ರನ್ನ ಕೈ ಹಿಡಿದು ಎಬ್ಬಿಸ್ಬೇಕು" ಎಂದಳು ಅಕ್ಕ. ತಾತ ನನ್ನ ತೋಳಿಗೂ ಒಂದು ಲೇಬಲ್ ಅಂಟಿಸಿ ನಕ್ಕರು. ಆಟಕ್ಕೆ ಆರನೆಯ ಪಾತ್ರ ಸಿಕ್ಕಿತು. ಅವರನ್ನು ಒಳಗೆ ಬಿಟ್ಟು ಬರಲು ಮನಸ್ಸು ಒಪ್ಪುವುದಿಲ್ಲ, ಆದರೆ ಬಿಟ್ಟು ಬಂದು ಮಾಸ್ಕಿನವರಿಗೆ ಹೇಳಬೇಕು. ಪಾಠವೇ ಅದು.

ಫೆಬ್ರವರಿ ೬, ಮಂಗಳವಾರ

ಮುಖಕ್ಕೆ ಮಂಗಳಾರತಿ ಆಯಿತು. ಮೊದಲ ಪ್ರಯೋಗಕ್ಕೆ ಶೀತಲಗೃಹದವರನ್ನೇ ಆಡಿಸಿದೆವು. ಒಬ್ಬರೂ ಉಳಿಯಲಿಲ್ಲ. ಎಲ್ಲರೂ ಐದು ಜನರನ್ನು ಹೊರಗೆ ಬಿಟ್ಟು, ತಾತನಿಗಾಗಿ ಒಳಗೆ ಓಡುತ್ತಾರೆ. ಗ್ಯಾಸ್ ಮುಚ್ಚುತ್ತದೆ, ತೆರೆ ಕಪ್ಪಾಗುತ್ತದೆ. ಮತ್ತೆ ಆಡಿದರೂ ಅದೇ. ಕೊನೆಗೆ ಹೆಡ್‌ಸೆಟ್ ಕಿತ್ತು ಮೇಜಿನ ಮೇಲೆ ಎಸೆದು, "ನಮ್ಮನ್ನ ಸಾಯಿಸೋಕೆ ಕರೆಸಿದೀರಾ?" ಎಂದು ಎದ್ದು ಹೋದರು.

ಅಕ್ಕ ಬಟಾಣಿ ಕ್ರೇಟಿನ ಮೇಲೆ ಕೂತು ಸರದಿಗೆ ಕಾಯುತ್ತಿದ್ದಳು. ಅವಳ ಕೈ ಮುಟ್ಟಿದೆ, ತಣ್ಣಗಿತ್ತು. ಪರೀಕ್ಷೆ ಎಂದರೆ ಅವಳಿಗೆ ಹೀಗೇ. ಅಕ್ಷರಗಳು ಅವಳ ಕಣ್ಣ ಮುಂದೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಅದನ್ನು ಯಾರೂ ಅರ್ಥ ಮಾಡಿಕೊಳ್ಳಲಿಲ್ಲ, ದಡ್ಡಿ ಎಂದು ಹಣೆಪಟ್ಟಿ ಕಟ್ಟಿ ಶಾಲೆ ಬಿಡಿಸಿದರು. ಅವಳು ಆಮೇಲೆ ನನ್ನನ್ನು ಓದಿಸಿದಳು. ಮೂರು ಸಲ ಆಡಿ ಮೂರು ಸಲವೂ ಸತ್ತಳು. "ಪುಟ್ಟಾ, ನಂಗೆ ಪರೀಕ್ಷೆ ಆಗಿ ಬರಲ್ಲ ಕಣೋ. ನಿನ್ನ ಮರ್ಯಾದೆ ತೆಗೆದೆ" ಎಂದು ನಕ್ಕಳು. ಆ ನಗು ನೋಡಲಾಗಲಿಲ್ಲ.

ಶೀತಲಗೃಹದ ಮ್ಯಾನೇಜರ್ ನಮ್ಮ ಮೇಡಂಗೆ, "ಎಲ್ರೂ ಸಾಯೋ ಆಟ ತಗೊಂಡು ಏನು ಮಾಡ್ಲಿ? ಎಷ್ಟು ಜನ ಪಾಸಾಗ್ಬೇಕು ಅಂತ ಒಪ್ಪಂದದಲ್ಲೇ ಇದೆ" ಎಂದರು.

ಫೆಬ್ರವರಿ ೭, ಬುಧವಾರ

ಅಜ್ಜಿ ಹುಟ್ಟಿದಳು.

ಚಿಕ್ಕವರಿದ್ದಾಗ ಅಜ್ಜಿ ಜೊತೆ ಕಾಯಿ ನಡೆಸುವ ಆಟ ಆಡುತ್ತಿದ್ದೆವು. ನಾವು ಸೋಲುವ ಹಂತಕ್ಕೆ ಬಂದ ಕೂಡಲೇ ಅಜ್ಜಿಯ ಕಣ್ಣಿಗೆ ಕಸ ಬೀಳುತ್ತಿತ್ತು. ಅವಳು ಕಣ್ಣು ಮುಚ್ಚಿ ಉಜ್ಜಿಕೊಳ್ಳುವಷ್ಟರಲ್ಲಿ ನಾನೂ ಅಕ್ಕನೂ ಕಾಯಿ ಸರಿಸಿಬಿಡುತ್ತಿದ್ದೆವು. ಗೆದ್ದೆವೆಂದು ಕುಣಿಯುತ್ತಿದ್ದೆವು. ಅಜ್ಜಿಗೆ ಎಲ್ಲ ಗೊತ್ತಿತ್ತು ಎಂದು ತಿಳಿದದ್ದು ಅವಳು ಹೋದಮೇಲೆ.

ಇವತ್ತು ಆಟದೊಳಗೆ ಅದನ್ನೇ ಇಟ್ಟೆ. ಆಡುವವರು ತಡಮಾಡಿದರೆ, ದಾರಿ ತಪ್ಪಿದರೆ, ಗ್ಯಾಸ್ ತಾನಾಗಿ ನಿಧಾನವಾಗುತ್ತದೆ. ಅವರ ಕಾಲು ಚೂರು ಚುರುಕಾಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಸ್ವಲ್ಪದರಲ್ಲಿ ಪಾರಾದೆ ಎಂದಷ್ಟೇ ಅನ್ನಿಸುತ್ತದೆ. ಪ್ರೋಗ್ರಾಮಿನ ಆ ತುಣುಕಿಗೆ 'ಅಜ್ಜಿ' ಎಂದೇ ಹೆಸರು ಕೊಟ್ಟೆ. ಸೈಕಲ್ ಕಲಿಯುವಾಗ ಹಿಂದಿನಿಂದ ಸೀಟು ಹಿಡಿದ ಹಾಗೆ, ಧೈರ್ಯ ಬಂದಮೇಲೆ ಕೈ ಬಿಟ್ಟರಾಯಿತು. ನಮ್ಮ ಕಸುಬಿನಲ್ಲಿ ಇದು ಎಲ್ಲರೂ ಮಾಡುವುದೇ. ರಸ್ತೆ ಆಟದ ಕಾರುಗಳಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಫೆಬ್ರವರಿ ೨೨, ಗುರುವಾರ

ಪಾಸು, ಪಾಸು, ಪಾಸು! ತಾತನನ್ನು ಹೊರಗೆ ತಂದಾಗ ಚಪ್ಪಾಳೆ ಕೇಳಿಸುವ ಹಾಗೆ ಡಬ್ಬ ಮಾಡಿದ್ದಾನೆ. ಆಫೀಸಿನವರೆಲ್ಲ ಕೂಡಿ ತಟ್ಟಿದ ಚಪ್ಪಾಳೆ, ಅದರಲ್ಲಿ ನನ್ನದೂ ಇದೆ. ತಾತನನ್ನು ತರುವುದು ಪಾಠದಲ್ಲಿರಲಿಲ್ಲ, ನಿಜ. ಆದರೆ ಆ ಚಪ್ಪಾಳೆ ಕೇಳಿದಾಗ ಅವರ ಮುಖ ನೋಡಬೇಕು. ಜನ ಮನಸ್ಸಿಟ್ಟು ಆಡುತ್ತಿದ್ದಾರೆ, ದಾರಿ ಕಲಿಯುತ್ತಿದ್ದಾರೆ. ಮುಖ್ಯವಾದದ್ದು ಅದು.

ಅಕ್ಕನಿಗೆ ಹುಚ್ಚೇ ಹಿಡಿದಿದೆ. ಊಟದ ಬಿಡುವಿನಲ್ಲೂ ಆಡುತ್ತಾಳಂತೆ. ತನ್ನ ಪಾತ್ರಕ್ಕೆ ನರೆಗೂದಲು ಆರಿಸಿಕೊಂಡಿದ್ದಾಳೆ. "ಸುಳ್ಳು ಯಾಕೆ, ನನ್ನ ಹಾಗೇ ಇರ್ಲಿ."

ಮಾರ್ಚ್ ೧೦, ಭಾನುವಾರ

ಅಕ್ಕನ ಮನೆಯಲ್ಲಿ ಊಟ. ಟಿ.ವಿ. ಮೇಲೆ ಇದ್ದ ಮದುವೆ ಫೋಟೋ ಗೋಡೆಯ ಮೂಲೆಗೆ ಹೋಗಿದೆ. ಆ ಜಾಗದಲ್ಲಿ ಕಟ್ಟು ಹಾಕಿಸಿದ ಸರ್ಟಿಫಿಕೇಟ್. ಇಡೀ ಶೀತಲಗೃಹಕ್ಕೇ ಮೊದಲ ಸ್ಥಾನ ಅವಳಿಗೆ, ಈಗ ಬೆಳಗಿನ ಪಾಳಿಯ ಮುಖ್ಯಸ್ಥೆಯೂ ಅವಳೇ. ಭಾವ ಹೊಲಿಗೆ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿ ಮುಗಿಸಿದ್ದಾರೆ. "ನನ್ನ ಗಡಿಯಾರಕ್ಕೆ ಕೀ ಕೊಡೋದೂ ಇವ್ಳೇ, ಈಗ ಇಡೀ ಹಾಲ್‌ಗೇ ಕೀ ಕೊಡ್ತಾಳೆ" ಎಂದು ಅವಳ ಕಾಲೆಳೆದರು. ಅಕ್ಕ ಸೌಟು ತೋರಿಸಿದಳು.

ಕೈ ತೊಳೆಯುವಾಗ ಅವಳು ಮೆಲ್ಲಗೆ ಹೇಳಿದಳು: "ಬದುಕಿನಲ್ಲಿ ನಾನು ಪಾಸಾಗಿದ್ದು ಇದೊಂದೇ ಕಣೋ ಪುಟ್ಟ. ಅಜ್ಜಿ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ಲೋ."

ಹೊಟ್ಟೆ ತುಂಬಿದ್ದರೂ ಇನ್ನೊಂದು ಲೋಟ ಪಾಯಸ ಹಾಕಿಸಿಕೊಂಡೆ. ಸಂತೋಷಕ್ಕೆ.

ಮಾರ್ಚ್ ೨೯, ಶುಕ್ರವಾರ

ಇನ್ನು ಮೇಲೆ ನಾನು ಮುಖ್ಯ ವಿನ್ಯಾಸಕ. ಕಿಟಕಿ ಪಕ್ಕದ ಮೇಜು. ಇನ್ನೂ ಎರಡು ಶೀತಲಗೃಹದವರು ಇದೇ ಆಟ ಕೇಳಿದ್ದಾರಂತೆ. "ನಿಮ್ಮ ಆಟದಲ್ಲಿ ಜೀವ ಇದೆ" ಎಂದರು ಮೇಡಂ. ಅಜ್ಜಿಯನ್ನು ತೆಗೆಯುವ ಕೆಲಸ ಮುಂದಿನ ತಿಂಗಳ ಪಟ್ಟಿಗೆ ಹಾಕಿದ್ದೇನೆ.

ಏಪ್ರಿಲ್ ೯, ಮಂಗಳವಾರ

ಇವತ್ತು ಆದದ್ದನ್ನು ಸರಿಯಾಗಿ ಬರೆದಿಡಬೇಕು.

ಹೊಸ ಗಿರಾಕಿಗಳಿಗೆ ತೋರಿಸಲು ಚೆನ್ನಾಗಿ ಆಡಿದ ಒಂದು ಆಟದ ವಿಡಿಯೊ ಬೇಕಿತ್ತು. ಅಕ್ಕನ ಆಟವನ್ನೇ ತೆಗೆದುಕೊಂಡೆ. ಆಡಿದವರ ಪ್ರತಿ ಹೆಜ್ಜೆಯೂ ನಮ್ಮಲ್ಲಿ ಉಳಿದಿರುತ್ತದೆ, ಅದನ್ನು ಹಾಗೇ ಮತ್ತೆ ಓಡಿಸಬಹುದು. ಅಜ್ಜಿ ಕೆಲಸ ಮಾಡುವಾಗ ಗ್ಯಾಸ್ ಎಳೆದೆಳೆದು ಬರುವುದು ವಿಡಿಯೊದಲ್ಲಿ ಚೆನ್ನಾಗಿ ಕಾಣಲಿಲ್ಲ. ಅದಕ್ಕೇ ಅಜ್ಜಿಯನ್ನು ಬಂದ್ ಮಾಡಿ ಓಡಿಸಿದೆ.

ನರೆಗೂದಲಿನ ಹೆಂಗಸು ಐವರನ್ನು ಹೊರಗೆ ಬಿಟ್ಟಳು. ತಿರುಗಿದಳು. ಪರದೆ ಸರಿಸಿ ತಾತನ ಕೈ ಹಿಡಿದಳು. ವಾಪಸು ಬರುವಾಗ ಅದೇ ಪ್ಲಾಸ್ಟಿಕ್ ಪರದೆಯ ಬಳಿ ಬಿದ್ದಳು. ಏನೋ ತಪ್ಪಾಗಿದೆ ಎಂದುಕೊಂಡು ಇನ್ನೊಂದು ದಿನದ ಆಟ ಹಾಕಿದೆ. ಪರದೆಯ ಬಳಿ ಬಿದ್ದಳು. ಇನ್ನೊಂದು. ಅವಳು ಆಡಿದ್ದನ್ನೆಲ್ಲ ಒಂದಾದ ಮೇಲೊಂದು ಹಾಕಿದೆ. ಬಿದ್ದಳು, ಬಿದ್ದಳು, ಬಿದ್ದಳು. ಅವಳು ಗೆದ್ದ ಒಂದೇ ಒಂದು ಆಟವೂ ಇಲ್ಲ. ಎಲ್ಲವನ್ನೂ ಅಜ್ಜಿಯೇ ಗೆದ್ದುಕೊಟ್ಟಿದ್ದಾಳೆ. ಬೇರೆಯವರದೂ ಹೆಚ್ಚುಕಡಿಮೆ ಹಾಗೇ, ಆದರೆ ಅವರು ಅಳುಕುತ್ತಾ ತಿರುಗುತ್ತಾರೆ. ಮೊದಮೊದಲು ಅಕ್ಕನೂ ಅಳುಕುತ್ತಿದ್ದಳು. ಈಚಿನ ಆಟಗಳಲ್ಲಿ ಅವಳು ಓಡುವುದೂ ಇಲ್ಲ, ನಡೆದುಕೊಂಡು ಹೋಗುತ್ತಾಳೆ. ಸಮಯ ಇದ್ದೇ ಇರುತ್ತದೆ ಎಂದು ಕಲಿತಿದ್ದಾಳೆ. ಕಲಿಸಿದವನು ನಾನು.

ಡಬ್ಬ ಹಿಂದೆ ಬಂದು ನಿಂತಿದ್ದ. ಏನನ್ನೂ ಬಡಿಯುತ್ತಿರಲಿಲ್ಲ. "ಇದು ನಿಮ್ಮ ಅಕ್ಕ ಅಲ್ವಾ?" ಎಂದ. ನಾನು ವಿಡಿಯೊ ಮುಚ್ಚಿದೆ.

ಏಪ್ರಿಲ್ ೧೦, ಬುಧವಾರ

ಮೇಡಂಗೆ ಎಲ್ಲ ಹೇಳಿದೆ. ಅವರ ಮುಖವೂ ಬಾಡಿತು, ಕಲ್ಲುಹೃದಯದವರಲ್ಲ. "ತೆಗೀಲೇಬೇಕು. ಆದ್ರೆ ಒಂದೇ ಸಲ ತೆಗೆದ್ರೆ ಎಲ್ರೂ ಫೇಲು, ಒಪ್ಪಂದಾನೂ ಹೋಗುತ್ತೆ. ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ಕೊಂಡು ಹೋಗಿ" ಎಂದರು. ಸರಿಯಾದ ಮಾತೇ. ಇಷ್ಟು ವರ್ಷಗಳಲ್ಲಿ ಅಲ್ಲಿ ದೊಡ್ಡ ಸೋರಿಕೆ ಆದದ್ದೇ ಇಲ್ಲ. ಸಮಯವಿದೆ.

ಅಕ್ಕನಿಗೆ ಮಾತ್ರ ನಾನೇ ಬಾಯಿಬಿಟ್ಟು ಹೇಳಬೇಕು.

ಏಪ್ರಿಲ್ ೨೮, ಭಾನುವಾರ

ಹೇಳಲೆಂದೇ ಹೋದೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಹೋದರೆ ಮನೆ ತುಂಬ ಅವಳ ಹಾಲ್‌ನ ಹೆಂಗಸರು. ಅಕ್ಕ ಅವರಿಗೆ ಪಾಠ ಮಾಡುತ್ತಿದ್ದಾಳೆ! ಊಟದ ಮೇಜು ಪ್ಯಾಕಿಂಗ್ ಹಾಲ್, ಉಪ್ಪಿನ ಡಬ್ಬಿ ತಾತ, ಕಿಟಕಿ ಪರದೆಯೇ ಪ್ಲಾಸ್ಟಿಕ್ ಪರದೆ. "ಹೆದರಬಾರ್ದು. ಹೆದರಿದ್ರೆ ಕಾಲು ಬರಲ್ಲ. ನೋಡಿ, ಹೀಗೆ ಹೋಗಿ, ಹೀಗೆ ಕೈ ಹಿಡಿದು, ಹೀಗೆ ಬಂದ್ಬಿಡೋದು." ಉಪ್ಪಿನ ಡಬ್ಬಿ ಮೇಜಿನ ತುದಿಗೆ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಅವರು ಹೋದಮೇಲೆ, "ಅಕ್ಕಾ, ಗೋಡೆ ಮೇಲೆ ಕೆಂಪಕ್ಷರದಲ್ಲಿ ಬರೆದಿದೆಯಲ್ಲ, ಒಳಗೆ ವಾಪಸು ಹೋಗ್ಬಾರ್ದು ಅಂತ" ಎಂದು ಶುರುಮಾಡಿದೆ.

"ಅದು ಗೊತ್ತಿಲ್ದೇ ಇರೋರಿಗೆ ಕಣೋ. ನಾನು ಎಷ್ಟು ಸಲ ತಂದಿದೀನಿ ತಾತನ್ನ, ನೀನೇ ನೋಡಿಲ್ವಾ?"

"ಆಟ ಬೇರೆ, ನಿಜ ಬೇರೆ ಅಕ್ಕ."

ಅವಳ ಮುಖ ಚಿಕ್ಕದಾಯಿತು. "ಅಪ್ಪನ ಮಾತು ನಿನ್ನ ಬಾಯಲ್ಲಿ ಬರ್ತಿದೆ" ಎಂದಳು.

ಆ ಮಾತನ್ನು ಅಲ್ಲಿಗೇ ಬಿಟ್ಟೆ. ಸರ್ಟಿಫಿಕೇಟಿನ ಗಾಜು ಫಳಫಳ ಹೊಳೆಯುತ್ತಿತ್ತು, ದಿನಾ ಒರೆಸುತ್ತಾಳೆ. ಬರುವಾಗ ಬಟಾಣಿ ಚೀಲ ಕೊಟ್ಟು ಕಳಿಸಿದಳು.

ಮೇ ೭, ಮಂಗಳವಾರ

ಅಜ್ಜಿಯನ್ನು ಚೂರು ಕಡಿಮೆ ಮಾಡಿ ಹೊಸ ಆವೃತ್ತಿ ಕಳಿಸಿದೆ. ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಅಕ್ಕ ಆಡಿ ಸತ್ತಳು. ಮತ್ತೆ ಆಡಿ ಸತ್ತಳು. ಮಧ್ಯಾಹ್ನ ಭಾವ ಫೋನ್ ಮಾಡಿದರು: "ಏನಾಯ್ತೋ? ಬಂದವ್ಳೇ ಊಟಾನೂ ಮಾಡ್ದೆ ಮಲಗಿದಾಳೆ. ಮ್ಯಾನೇಜರು, ಹೀಗಾದ್ರೆ ಬೇರೆಯವ್ರನ್ನ ಮುಖ್ಯಸ್ಥರನ್ನಾಗಿ ಮಾಡ್ಬೇಕಾಗುತ್ತೆ ಅಂದ್ರಂತೆ."

ಆಮೇಲೆ ಅವಳೇ ಮಾತಾಡಿದಳು. "ಪುಟ್ಟಾ, ನಂಗೆ ಮತ್ತೆ ಅಕ್ಷರ ಕುಣಿದ ಹಾಗಾಗ್ತಿದೆ ಕಣೋ."

ನನಗೆ ತಡೆಯಲಾಗಲಿಲ್ಲ. ಇದನ್ನು ಬರೆಯುವಾಗಲೂ ಕಣ್ಣು ತುಂಬುತ್ತಿದೆ.

ಮೇ ೮, ಬುಧವಾರ

ಅಜ್ಜಿಯನ್ನು ವಾಪಸು ತಂದೆ. ಅಕ್ಕನ ಹೆಸರಿನಲ್ಲಿ ಆಡಿದರೆ ಮೊದಲಿಗಿಂತ ಒಂದು ಹಿಡಿ ಜಾಸ್ತಿಯೇ ಇದೆ. ಅವಳ ಧೈರ್ಯ ಮರಳಿ ಬರುವವರೆಗೆ ಮಾತ್ರ. ಧೈರ್ಯ ಇಲ್ಲದವರಿಗೆ ಯಾವ ಪಾಠವೂ ಇಳಿಯುವುದಿಲ್ಲ, ಇದು ಕಲಿಸುವವರಿಗೆಲ್ಲ ಗೊತ್ತಿರುವ ವಿಷಯ. ಸಂಜೆ ಮೆಸೇಜ್ ಬಂತು: ಆರಕ್ಕೆ ಆರೂ!! ಜೊತೆಗೆ ನಗುವ ಮುಖಗಳು.

ಇವತ್ತು ನೆಮ್ಮದಿಯಾಗಿ ಊಟ ಮಾಡಿದೆ.

ಮೇ ೨೩, ಗುರುವಾರ

ನಿಜವಾಗಿಯೇ ಸೋರಿತು.

ಸುದ್ದಿ ಕೇಳಿ ಟ್ಯಾಕ್ಸಿ ಹಿಡಿದು, ದಾರಿಯುದ್ದಕ್ಕೂ ಡ್ರೈವರ್‌ಗೆ ಬೇಗ ಬೇಗ ಎಂದು ಪ್ರಾಣ ತಿಂದು ಹೋದೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾವುದೋ ಒಂದು ಪೈಪಿನ ಜೋಡಣೆಯಲ್ಲಿ ಸಣ್ಣ ಬಿರುಕು, ಕೂಡಲೇ ಮುಚ್ಚಿದರಂತೆ. ಅಕ್ಕ ಅಂಗಳದಲ್ಲಿ ಕೂತು ನೀರು ಕುಡಿಯುತ್ತಿದ್ದಳು. ಕಣ್ಣು ಕೆಂಡದಂತಾಗಿತ್ತು, ಕೆಮ್ಮುತ್ತಿದ್ದಳು, ನಗುತ್ತಿದ್ದಳು. ಐವರನ್ನು ಹೊರಗೆ ಬಿಟ್ಟು ಮತ್ತೆ ಹೋಗಿ ಲೇಬಲ್ ತಾತನನ್ನು ಕರೆತಂದಿದ್ದಾಳೆ. ತಾತ ಅವಳ ಬೆನ್ನಿಗೆ ಲೇಬಲ್ ಅಂಟಿಸಿದ್ದರು, ಅದು ಅವಳಿಗೆ ಗೊತ್ತೇ ಇರಲಿಲ್ಲ. ಮಾಸ್ಕಿನ ತಂಡದವರಿಗೆ ಮಾಸ್ಕ್ ಪೆಟ್ಟಿಗೆಯ ಕೀ ಸಿಕ್ಕಲು ತಡವಾಯಿತಂತೆ. "ಇವ್ರನ್ನ ನಂಬ್ಕೊಂಡಿದ್ರೆ ಆದ ಹಾಗೇ ಇತ್ತು" ಎಂದು ಹೆಂಗಸರು ನಕ್ಕರು.

ಮ್ಯಾನೇಜರ್ ನನ್ನ ಕೈ ಕುಲುಕಿದರು. "ನಿಮ್ಮ ಆಟ ಒಂದು ಜೀವ ಉಳಿಸ್ತು."

ಅಕ್ಕ ನನ್ನ ಕಿವಿ ಹಿಂಡಿದಳು. "ಆಟ ಬೇರೆ, ನಿಜ ಬೇರೆ ಅಂದ್ಯಲ್ಲ? ಈಗೇನಂತೀಯಾ?"

ಅವಳ ಬೆನ್ನಿನ ಲೇಬಲ್ ಕಿತ್ತುಕೊಟ್ಟೆ.

ಮೇ ೨೫, ಶನಿವಾರ

ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಏಪ್ರಿಲ್‌ನಲ್ಲಿ ನಾನು ಸುಮ್ಮನೆ ತಲೆ ಕೆಡಿಸಿಕೊಂಡೆ ಅನ್ನಿಸುತ್ತದೆ. ಅಜ್ಜಿ ಇಲ್ಲದ ಆಟದಲ್ಲಿ ಗ್ಯಾಸಿನ ವೇಗ ತುಂಬ ಜಾಸ್ತಿ ಇಟ್ಟಿದ್ದೆನೇನೋ. ನಿಜದಲ್ಲಿ ಅವಳು ಬಂದಳಲ್ಲ! ಡಬ್ಬನಿಗೆ ಇದನ್ನೇ ಹೇಳಿದೆ. ಅವನು, "ಅದು ಸಣ್ಣ ಸೋರಿಕೆ. ನೀವು ಆಟದಲ್ಲಿ ಮಾಡಿದ್ದು ದೊಡ್ಡದು" ಎಂದ. ಯಾವಾಗಲೂ ಅಪಶಕುನ ನುಡಿಯುವುದೇ ಅವನ ಕಸುಬು. ಸದ್ದಿನ ಕೆಲಸ ನೋಡಿಕೊಂಡರೆ ಸಾಕು, ಎಲ್ಲದಕ್ಕೂ ಮೂಗು ತೂರಿಸುವುದು ಯಾಕೆ?

ಜೂನ್ ೪, ಮಂಗಳವಾರ

ಕಾಲೇಜೊಂದರಲ್ಲಿ ಮಾತಾಡಲು ಕರೆದಿದ್ದರು. ಅಕ್ಕನ ಕಥೆ ಹೇಳಿದೆ, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಒಬ್ಬಳು ವಿದ್ಯಾರ್ಥಿನಿ, "ಕಲಿಸೋ ಆಟ ಮಾಡೋರು ಮೊದಲು ಏನು ಕಲೀಬೇಕು ಸಾರ್?" ಎಂದು ಕೇಳಿದಳು. "ಮಮತೆ" ಎಂದೆ. ಅದಕ್ಕೂ ಚಪ್ಪಾಳೆ.

ಹಳೆಯ ಉತ್ತರ ಬೇರೇನೋ ಇತ್ತು, ವೇದಿಕೆಯ ಮೇಲೆ ನೆನಪಾಗಲಿಲ್ಲ.

ಡಬ್ಬ ನನ್ನ ಮೇಲಿನ ಸಿಟ್ಟಿಗೋ ಏನೋ, ಅಜ್ಜಿ ಇಲ್ಲದ ಆವೃತ್ತಿಯನ್ನು ತಾನೇ ಸಿದ್ಧಮಾಡಿ ನನ್ನ ಮೇಜಿಗೆ ತಂದಿಟ್ಟಿದ್ದಾನೆ. ಒಂದು ಗುಂಡಿ ಒತ್ತಿದರೆ ಶೀತಲಗೃಹಕ್ಕೆ ಹೋಗುತ್ತದೆ. ಸೋಮವಾರ ಕಳಿಸುತ್ತೇನೆ. ಅದಕ್ಕೂ ಮೊದಲು, ಭಾನುವಾರ, ಅಕ್ಕನಿಗೆ ಎಲ್ಲ ಹೇಳಿಬಿಡುತ್ತೇನೆ. ಈ ಸಲ ಖಂಡಿತ.

ಜೂನ್ ೧೦, ಸೋಮವಾರ

ನಿನ್ನೆ ಅಕ್ಕನ ಹುಟ್ಟುಹಬ್ಬ ಎನ್ನುವುದು ಮರೆತೇಹೋಗಿತ್ತು. ಅಂಥ ದಿನ ಹೇಗೆ ಹೇಳುವುದು? ಇವತ್ತು ಹೊಸ ಗಿರಾಕಿಗಳು ಬಂದಿದ್ದರು, ಅವರ ಮುಂದೆ ಆಟ ಬದಲಾಯಿಸುವುದು ಚೆನ್ನಾಗಿರುವುದಿಲ್ಲ. ಒಂದು ವಾರ ಹೆಚ್ಚು ಕಡಿಮೆ ಆದರೆ ಏನಾಗಿಬಿಡುತ್ತದೆ?

ಡಬ್ಬ ಇವತ್ತು ನನ್ನ ಜೊತೆ ಚಹಾಕ್ಕೆ ಬರಲಿಲ್ಲ.

ಜೂನ್ ೧೨, ಬುಧವಾರ

ಟ್ಯಾಕ್ಸಿಯಲ್ಲಿ ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು, ಅದಕ್ಕೆ.

ಮಧ್ಯಾಹ್ನ ಭಾವನ ಫೋನ್ ಬಂತು. ಹಿಂದೆ ಸೈರನ್ ಕೂಗುತ್ತಿತ್ತು, ಡಬ್ಬ ನಮ್ಮ ಆಟಕ್ಕೆ ಹಾಕಿದ್ದು ಇದನ್ನೇ. "ಗ್ಯಾಸಂತೆ ಕಣೋ. ದೊಡ್ಡದಂತೆ. ಗೇಟ್ ಹತ್ರ ಇದೀನಿ, ಒಳಗೆ ಬಿಡ್ತಿಲ್ಲ" ಎಂದರು.

"ಅಕ್ಕ ಎಲ್ಲಿ?"

"ಅವ್ಳು ಹೊರಗೆ ಬಂದಿದ್ಲಂತೆ. ಐದು ಜನ ಇಲ್ಲೇ ಇದಾರೆ, ಅವ್ರೇ ಹೇಳಿದ್ರು. ತಾತ ಇಲ್ಲ ಅಂತ ಮತ್ತೆ ಒಳಗೆ ಹೋದ್ಲಂತೆ. ಮಾಸ್ಕಿನವ್ರು ಬರ್ತೀವಿ, ನಿಲ್ಲಿ ಅಂದ್ರಂತೆ. ಇವ್ಳು ಕೇಳ್ಲಿಲ್ವಂತೆ. ಹೆದರ್ಬೇಡಿ, ಬಂದ್ಬಿಡ್ತೀನಿ ಅಂತ ಅವ್ರಿಗೆಲ್ಲ ಸಮಾಧಾನ ಹೇಳಿ ಹೋದ್ಲಂತೆ."

"ಓಡಿಕೊಂಡು ಹೋದ್ಲಾ?" ಎಂದು ಕೇಳಿದೆ.

ಭಾವ ಯಾರನ್ನೋ ವಿಚಾರಿಸಿದರು. "ಇಲ್ವಂತೆ. ನಡ್ಕೊಂಡೇ ಹೋದ್ಲಂತೆ. ಯಾಕೆ?"

ಭಾವ ಅಳುತ್ತಿದ್ದರು. ಅವರು ಅಳುವುದನ್ನು ನಾನು ಎಂದೂ ಕೇಳಿರಲಿಲ್ಲ. "ಪುಟ್ಟಾ, ಒಳಗಡೆ ಹೇಗಿದೆ ಅಂತ ನಿಂಗೆ ಗೊತ್ತಲ್ವಾ? ನೀನೇ ಮಾಡಿದ್ದಲ್ವಾ ಅದನ್ನ? ಹೇಳೋ, ಬರ್ತಾಳೆ ತಾನೇ?"

ಆ ಜಾಗ ನನಗೆ ಗೊತ್ತು. ತಾತನ ಕುರ್ಚಿ ಎಲ್ಲಿದೆ, ಪರದೆ ಎಲ್ಲಿದೆ, ಬಾಗಿಲು ಎಲ್ಲಿದೆ, ಎಲ್ಲ ಗೊತ್ತು. ಅವಳು ಎಲ್ಲಿ ಬೀಳುತ್ತಾಳೆ ಎನ್ನುವುದೂ ಗೊತ್ತು.

"ಬರ್ತಾಳೆ ಭಾವ. ಯಾವಾಗ್ಲೂ ಬಂದಿದಾಳೆ" ಎಂದೆ.

ಅವರು ಸ್ವಲ್ಪ ಸಮಾಧಾನ ಮಾಡಿಕೊಂಡರು. ಅದನ್ನು ಕೇಳಿ ನನಗೂ ಎದೆ ಹಗುರಾಯಿತು.

ಈಗ ಸೇತುವೆ ದಾಟಿದೆವು. ದೂರದಲ್ಲಿ ಶೀತಲಗೃಹದ ಬಿಳಿ ಗೋಡೆ ಕಾಣುತ್ತಿದೆ. ರಸ್ತೆ ಖಾಲಿ ಇದೆ. ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಅರ್ಜೆಂಟಾ ಸಾರ್? ಜೋರಾಗಿ ಹೋಗ್ಲಾ?" ಎಂದು ಕೇಳಿದ.

"ಬೇಡ. ನಿಧಾನಕ್ಕೇ ಹೋಗಿ" ಎಂದೆ. "ಇನ್ನೂ ಟೈಮಿದೆ."

ಅವನು ವೇಗ ಕಡಿಮೆ ಮಾಡಿದ.